ಬಳ್ಳಾರಿ ಸೀಮೆಯ ಹೊಸ ಹ್ಯಾಮ್‌ಗಳಿಗೆ: ರೆಸ್ಟ್ರಿಕ್ಟೆಡ್ ಸಾಕೇ, ಜನರಲ್ ಬೇಕೇ, ಮೊದಲ ಸೆಟ್ ಯಾವುದು?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹ್ಯಾಮ್ ರೇಡಿಯೊ, ಅಂದರೆ ಸ್ವಂತ ರೇಡಿಯೊ ಸ್ಟೇಷನ್ನಿನಿಂದ ಬೇರೆಯವರ ಜೊತೆ ಮಾತಾಡುವ ಹವ್ಯಾಸದ ಹುಚ್ಚು ಹತ್ತಿದವರು ಕೇಳುವ ಮೊದಲ ಪ್ರಶ್ನೆ "ಯಾವ ಸೆಟ್ ತಗೋಬೇಕ್ರಿ?" ಎರಡನೆಯದು "ಮೋರ್ಸ್ ಕಲೀಲೇಬೇಕೇನು?" ಮೂರನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: "ಲೈಸೆನ್ಸ್ ಇಲ್ದಂಗ ನಡಿಯಂಗಿಲ್ಲೇನು?" ಇಲ್ಲಿ ಉತ್ತರಗಳು ಹಿಂದುಮುಂದಾಗಿ ಬರುತ್ತವೆ. ಮೊದಲು ಲೈಸೆನ್ಸ್ (ರೆಸ್ಟ್ರಿಕ್ಟೆಡ್, ಜನರಲ್ ಅದರ ಎರಡು ದರ್ಜೆ), ಆಮೇಲೆ ಮೋರ್ಸ್ ಎಂಬ ಚುಕ್ಕೆ-ಗೆರೆಗಳ ಸಂಕೇತ, ಎಲ್ಲಕ್ಕೂ ಕೊನೆಗೆ ಸೆಟ್ಟು, ಅಂದರೆ ಕೇಳುವ ಮತ್ತು ಪ್ರಸಾರ ಮಾಡುವ ರೇಡಿಯೊ. ಸೆಟ್ಟನ್ನೇ ಮೊದಲು ಕೊಂಡವರ ಮನೆಯಲ್ಲಿ ಅದು ಮೇಜಿನ ಖಾನೆ ಸೇರಿರುವುದೇ ಹೆಚ್ಚು.

ಆರಿಸುವ ಮುನ್ನ ಕೆಲವು ವಿಷಯ ಕಾಗದದ ಮೇಲೆ ಬರೆದುಕೊಳ್ಳಿ. ನಿಮಗೆ ಯಾರ ಜೊತೆ ಮಾತಾಡಬೇಕು: ಅದೇ ಊರಿನ ಗೆಳೆಯರ ಜೊತೆಯೋ, ಬೆಂಗಳೂರು-ಹೈದರಾಬಾದಿನವರ ಜೊತೆಯೋ, ಹೊರದೇಶದವರ ಜೊತೆಯೋ? ಓದಲಿಕ್ಕೆ ವಾರಕ್ಕೆ ಎಷ್ಟು ಸಂಜೆ ಸಿಗುತ್ತವೆ? ಕೈಯಲ್ಲಿ ಎಷ್ಟು ದುಡ್ಡಿದೆ? ಇಪ್ಪತ್ತು ಮೀಟರ್ ತಂತಿ ಎಳೆಯಲು ಮಾಳಿಗೆಯಲ್ಲಿ ಜಾಗ ಇದೆಯೇ, ಇದ್ದರೆ ಮನೆ ಮಾಲೀಕರು ಒಪ್ಪುತ್ತಾರೆಯೇ? ಅಕ್ಕಪಕ್ಕ ಅಕ್ಕಿ ಗಿರಣಿ, ಜೀನ್ಸ್ ಹೊಲಿಗೆಯ ಘಟಕ, ಸೋಲಾರ್ ಇನ್ವರ್ಟರ್ ಇವೆಯೇ? ಇವುಗಳಲ್ಲಿ ಮೊದಲ ಪ್ರಶ್ನೆಗೆ ಉಳಿದ ಎಲ್ಲದರಷ್ಟು ತೂಕವಿದೆ. ಅದಕ್ಕೆ ಉತ್ತರ ಸಿಕ್ಕರೆ ಯಾವ ಬ್ಯಾಂಡ್ (ತರಂಗಾಂತರಗಳ ಪಟ್ಟಿ) ಬೇಕೆಂಬುದು ತಿಳಿಯುತ್ತದೆ, ಬ್ಯಾಂಡ್ ತಿಳಿದರೆ ದರ್ಜೆ ಮತ್ತು ಸೆಟ್ಟು ತಾವಾಗಿ ಗೊತ್ತಾಗುತ್ತವೆ.

ಲೈಸೆನ್ಸ್ ಇಲ್ಲದೆ ಎಷ್ಟು ದೂರ

ಮಾತಾಡುವುದಕ್ಕೆ ಲೈಸೆನ್ಸ್ ಬೇಡದ ಎರಡು ಕಿರುದಾರಿಗಳಿವೆ. ಒಂದು, 446.0ರಿಂದ 446.2 ಮೆಗಾಹರ್ಟ್ಜ್ ನಡುವಿನ ಕಡಿಮೆ ಶಕ್ತಿಯ ವಾಕಿಟಾಕಿ. ಇನ್ನೊಂದು, 27 ಮೆಗಾಹರ್ಟ್ಜ್ ಆಸುಪಾಸಿನ ಸಿಟಿಜನ್ ಬ್ಯಾಂಡ್, ಗರಿಷ್ಠ 5 ವ್ಯಾಟ್. ಹೊಲದ ಈ ಬದುವಿನಿಂದ ಆ ಬದುವಿಗೆ, ಜಾತ್ರೆಯಲ್ಲಿ ಪಾರ್ಕಿಂಗ್ ಜಾಗದಿಂದ ದೇವಸ್ಥಾನದ ಬಾಗಿಲಿಗೆ ಮಾತಾಡಲು ಮೊದಲನೆಯದು ಸಾಕು. ಅದಕ್ಕಿಂತ ಹೆಚ್ಚು ಆಸೆಪಡಬೇಡಿ. ಅದು ಹ್ಯಾಮ್ ರೇಡಿಯೊ ಅಲ್ಲ, ಸ್ಟೇಷನ್ನಿನ ಗುರುತಿನ ಹೆಸರಾದ ಕಾಲ್‌ಸೈನೂ ಸಿಗುವುದಿಲ್ಲ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಎರಡು ಬ್ಯಾಂಡಿನ ಚೀನಾ ಹ್ಯಾಂಡಿಗಳು (ಕೈಯಲ್ಲಿ ಹಿಡಿಯುವ ಸೆಟ್‌ಗಳು) ಈ ವಿನಾಯಿತಿಯೊಳಗೆ ಬರುವುದಿಲ್ಲ. ಪೊಲೀಸರ, ರೈಲ್ವೆಯ, ಖಾಸಗಿ ಕಂಪನಿಗಳ ತರಂಗಾಂತರದಲ್ಲೂ ಪ್ರಸಾರ ಮಾಡುವ ಶಕ್ತಿ ಅವುಗಳಿಗೆ ಇರುವುದರಿಂದ ಸರ್ಕಾರಕ್ಕೆ ಅವುಗಳ ಮೇಲೆ ಕಣ್ಣು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಸೆಟ್‌ಗಳ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿತು. ಕೈಗೆ ಕಾಲ್‌ಸೈನ್ ಬರುವ ಮೊದಲು ಪ್ರಸಾರ ಮಾಡುವ ಯಾವ ಸೆಟ್ಟನ್ನೂ ಮನೆಗೆ ತರಬೇಡಿ.

ಸುಮ್ಮನೆ ಕೇಳುವ ಹಾದಿ ಇದಕ್ಕಿಂತ ರುಚಿಯಾದದ್ದು. ಮನೆಯಲ್ಲಿ ಶಾರ್ಟ್‌ವೇವ್ ಇರುವ ಹಳೆಯ ರೇಡಿಯೊ ಇದ್ದರೆ ಅದರಿಂದ ಶುರುಮಾಡಿ, ಇಲ್ಲವಾದರೆ ಲ್ಯಾಪ್‌ಟಾಪಿಗೆ ಚುಚ್ಚಿ ಅದನ್ನೇ ರೇಡಿಯೊ ಮಾಡಿಕೊಳ್ಳುವ ಎಸ್‌ಡಿಆರ್ ಡಾಂಗಲ್ ಕೆಲವು ಸಾವಿರ ರೂಪಾಯಿಗೆ ಬರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ನೆತ್ತಿಯ ಮೇಲೆ ಹಾಯುವಾಗ ಅದರ ಹವ್ಯಾಸಿ ಸ್ಟೇಷನ್ ಈ ಡಾಂಗಲ್‌ನಲ್ಲಿ 145.800 ಮೆಗಾಹರ್ಟ್ಜ್‌ನಲ್ಲಿ ಕೇಳಿಸುತ್ತದೆ, ಅದಕ್ಕೆ ಅರ್ಧ ಮೀಟರ್ ಉದ್ದದ ತಂತಿ ಸಾಕು. 7 ಮೆಗಾಹರ್ಟ್ಜ್‌ನಲ್ಲಿ ಹ್ಯಾಮ್‌ಗಳ ಮಾತು ಕೇಳಬೇಕೆಂದರೆ ರೇಡಿಯೊದಲ್ಲಿ ಎಸ್‌ಎಸ್‌ಬಿ (ಅವರ ಮಾತು ಸಾಗುವ ಬಗೆ) ಸೌಲಭ್ಯ ಇರಲೇಬೇಕು. ಇಲ್ಲದಿದ್ದರೆ ಮನುಷ್ಯರ ಮಾತು ಬಾತುಕೋಳಿ ಕೂಗಿದಂತೆ ಕೇಳುತ್ತದೆ, ರೇಡಿಯೊ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯಬೇಡಿ.

ಕೇಳುವುದರಿಂದ ಒಂದು ದೊಡ್ಡ ಲಾಭವಿದೆ. ಪರೀಕ್ಷೆಯಲ್ಲಿ ಬಾಯಿಪಾಠ ಮಾಡಬೇಕಾದ ಅರ್ಧ ಸಂಗತಿ ಕಿವಿಯಿಂದಲೇ ಒಳಗಿಳಿಯುತ್ತದೆ. ಕ್ಯೂಆರ್‌ಎಂ ಅಂದರೆ ಬೇರೆ ಸ್ಟೇಷನ್ನಿನ ಅಡ್ಡಿ, ಕ್ಯೂಆರ್‌ಎನ್ ಅಂದರೆ ಮಳೆ-ಸಿಡಿಲಿನ ಕರಕರ, ಕ್ಯೂಎಸ್‌ಬಿ ಅಂದರೆ ದನಿ ಏರಿಳಿಯುವುದು, ಕ್ಯೂಟಿಎಚ್ ಅಂದರೆ ನೀವಿರುವ ಜಾಗ. ಮೇ ತಿಂಗಳ ಸಂಜೆ 7 ಮೆಗಾಹರ್ಟ್ಜ್ ಹಾಕಿ ಕೂತವರಿಗೆ ಕ್ಯೂಆರ್‌ಎನ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ.

ರೆಸ್ಟ್ರಿಕ್ಟೆಡ್ ಮತ್ತು ಜನರಲ್

ನಮ್ಮ ದೇಶದಲ್ಲಿ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಎಎಸ್‌ಒಸಿ (ಅಮೆಚೂರ್ ಸ್ಟೇಷನ್ ಆಪರೇಟರ್ಸ್ ಸರ್ಟಿಫಿಕೇಟ್) ಪರೀಕ್ಷೆ ಎನ್ನುತ್ತಾರೆ. ಇದನ್ನು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯಲ್ಲಿ ತರಂಗಾಂತರ ಹಂಚುವ ಡಬ್ಲ್ಯೂಪಿಸಿ ವಿಭಾಗ, ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. 1978ರ ನಿಯಮಗಳಿಗೆ ತಿದ್ದುಪಡಿಯಾಗುತ್ತ ಬಂದು, ಮೊದಲಿದ್ದ ಹಲವು ದರ್ಜೆಗಳು ಹೋಗಿ ಈಗ ಎರಡೇ ಉಳಿದಿವೆ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಕೂರಬಹುದು. ಪರೀಕ್ಷೆ ಪಾಸಾದ ಪ್ರಮಾಣಪತ್ರ ಬೇರೆ, ಸ್ಟೇಷನ್ ನಡೆಸುವ ಲೈಸೆನ್ಸ್ ಬೇರೆ. ಪ್ರಮಾಣಪತ್ರ ಕೈಗೆ ಬಂದ ಖುಷಿಯಲ್ಲೇ ಮೈಕ್ ಹಿಡಿಯಬಾರದು.

ಎರಡೂ ದರ್ಜೆಗೆ ಲಿಖಿತ ಪರೀಕ್ಷೆಯಲ್ಲಿ ಎರಡು ಭಾಗ: ರೇಡಿಯೊ ಸಿದ್ಧಾಂತ ಮತ್ತು ಪ್ರಯೋಗ ಒಂದು, ನಿಯಮಾವಳಿ ಇನ್ನೊಂದು. ರೆಸ್ಟ್ರಿಕ್ಟೆಡ್‌ಗೆ ಪ್ರತಿ ಭಾಗದಲ್ಲಿ ಶೇಕಡಾ 40, ಒಟ್ಟಾರೆ 50 ಬೇಕು. ಜನರಲ್‌ಗೆ ಪ್ರತಿ ಭಾಗದಲ್ಲಿ 50, ಒಟ್ಟಾರೆ 55. ಜೊತೆಗೆ ಜನರಲ್‌ಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕಳಿಸಬೇಕು, ಹಿಡಿಯಬೇಕು. ಇಲ್ಲಿ ಒಟ್ಟಾರೆ ಅಂಕದ ಮೇಲೆ ಗಮನವಿರಲಿ. ಸಿದ್ಧಾಂತದಲ್ಲಿ 40 ಬಂದರೆ ನಿಯಮಾವಳಿಯಲ್ಲಿ 60 ಬರಬೇಕು, ಎರಡರಲ್ಲೂ ನಲವತ್ತು ತೆಗೆದವರು ನಪಾಸು. ಬಿ.ಎ., ಬಿ.ಕಾಂ. ಓದಿದವರಿಗೆ ಇದು ಒಳ್ಳೆಯ ಸುದ್ದಿ. ಸರ್ಕ್ಯೂಟ್ ಕಂಡರೆ ಹೆದರಿಕೆಯಾದರೂ ನಿಯಮಾವಳಿ ಭಾಗದಲ್ಲಿ ಗಟ್ಟಿಯಾಗಿ ಅಂಕ ತೆಗೆದರೆ ದಡ ಸೇರಬಹುದು. ಕಾಲ್‌ಸೈನ್ ಹೇಗೆ ಹೇಳಬೇಕು, ಲಾಗ್ (ಮಾತುಕತೆಯ ದಾಖಲೆ) ಹೇಗೆ ಬರೆಯಬೇಕು, ಯಾವುದು ನಿಷಿದ್ಧ (ವ್ಯಾಪಾರದ ಮಾತು, ಸಂಗೀತ, ಗುಪ್ತ ಸಂಕೇತ), ಯಾವ ಬ್ಯಾಂಡ್ ಎಲ್ಲಿಂದ ಎಲ್ಲಿಗೆ, ಮೇಲೆ ಕಂಡ ಕ್ಯೂಆರ್‌ಎಂ ಥರದ ಕ್ಯೂ ಕೋಡ್, ಆಲ್ಫಾ-ಬ್ರಾವೊ-ಚಾರ್ಲಿ ವರ್ಣಮಾಲೆ: ಇಷ್ಟೇ ಆ ಭಾಗದ ಬೆನ್ನೆಲುಬು.

ಪಾಸಾದ ಮೇಲೆ ಏನು ವ್ಯತ್ಯಾಸ? ರೆಸ್ಟ್ರಿಕ್ಟೆಡ್‌ನವರಿಗೆ ವಿಯು3ಯಿಂದ ಶುರುವಾಗುವ ಕಾಲ್‌ಸೈನ್, ಜನರಲ್‌ನವರಿಗೆ ವಿಯು2. ರಾಜೀವ್ ಗಾಂಧಿಯವರದು ವಿಯು2ಆರ್‌ಜಿ ಆಗಿತ್ತು. ಎಚ್‌ಎಫ್‌ನಲ್ಲಿ, ಅಂದರೆ 30 ಮೆಗಾಹರ್ಟ್ಜ್‌ಗಿಂತ ಕೆಳಗೆ, ರೆಸ್ಟ್ರಿಕ್ಟೆಡ್‌ಗೆ 50 ವ್ಯಾಟ್ ಮಿತಿ, ಜನರಲ್‌ಗೆ 400 ವ್ಯಾಟ್. "ಎಂಟು ಪಟ್ಟು ಶಕ್ತಿ, ಹಂಗಾರೆ ಜನರಲ್ಲೇ ಸೈ" ಎಂದು ಬಹಳ ಮಂದಿ ಇಲ್ಲಿಯೇ ತೀರ್ಮಾನ ಮಾಡಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ಶಕ್ತಿ ಎರಡು ಪಟ್ಟಾದರೆ 3 ಡೆಸಿಬೆಲ್ ಹೆಚ್ಚುತ್ತದೆ, ಎಂಟು ಪಟ್ಟಾದರೆ 9. ಕೇಳುವವರ ಸೆಟ್ಟಿನ ಮೀಟರಿನಲ್ಲಿ ಒಂದು ಎಸ್ ಯೂನಿಟ್ ಏರಬೇಕಾದರೆ 6 ಡೆಸಿಬೆಲ್ ಬೇಕು. ಎಂದರೆ 50ರಿಂದ 400ಕ್ಕೆ ಹಾರಿದರೂ ಮುಳ್ಳು ಸರಿಯುವುದು ಒಂದೂವರೆ ಯೂನಿಟ್. ಅಷ್ಟನ್ನು ಆಂಟೆನಾ ಸ್ವಲ್ಪ ಮೇಲೆ ಕಟ್ಟಿ, ಮನೆಯ ಗದ್ದಲ ತಗ್ಗಿಸಿಯೂ ಗಳಿಸಬಹುದು. 400 ವ್ಯಾಟಿಗೆ ಬೇಕಾದ ಆಂಪ್ಲಿಫೈಯರ್, ಅದಕ್ಕೆ ಹೊಂದುವ ಪವರ್ ಸಪ್ಲೈ, ದಪ್ಪ ಕೇಬಲ್ಲಿನ ಬೆಲೆ ಮೊದಲ ಸೆಟ್ಟಿನ ಬೆಲೆಯನ್ನೇ ಮೀರುತ್ತದೆ. ಶಕ್ತಿಗೋಸ್ಕರ ಜನರಲ್ ಮಾಡಬೇಡಿ.

ಮೋರ್ಸ್‌ಗೋಸ್ಕರ ಮಾಡಿ. ಮಾತಿಗೆ ಸುಮಾರು ಎರಡೂವರೆ ಕಿಲೋಹರ್ಟ್ಜ್ ಅಗಲ ಬೇಕು, ಮೋರ್ಸ್‌ಗೆ ಇನ್ನೂರು ಹರ್ಟ್ಜ್ ಒಳಗೇ ಸಾಕು. ಅದೇ ಶಕ್ತಿ ಅಷ್ಟು ಸಣ್ಣ ಕಿಂಡಿಯಲ್ಲಿ ಹೋಗುವುದರಿಂದ ಮಾತು ಮುಳುಗಿಹೋಗುವ ಗದ್ದಲದಲ್ಲೂ ಚುಕ್ಕೆ-ಗೆರೆ ಕೇಳಿಸುತ್ತವೆ. ದುಡ್ಡು ಕಡಿಮೆ ಇರುವವರಿಗೆ ಇದಕ್ಕಿಂತ ದೊಡ್ಡ ಆಂಪ್ಲಿಫೈಯರ್ ಇಲ್ಲ. ಐದು ವ್ಯಾಟಿನ, ಕೈಯಲ್ಲೇ ಜೋಡಿಸಿದ ಸೆಟ್ಟಿನಿಂದ ಹೊರದೇಶ ಮುಟ್ಟುವ ಆಸೆಯಿದ್ದರೆ ಇದೇ ದಾರಿ.

ಕಲಿಯುವುದು ಕಷ್ಟವೇ? ಚುಕ್ಕೆ ಒಂದು ಅಳತೆಯಾದರೆ ಗೆರೆ ಮೂರು ಅಳತೆ. ಹೈಸ್ಕೂಲಿನಲ್ಲಿ ಯಮಾತಾರಾಜಭಾನಸಲಗಂ ಎನ್ನುತ್ತ ಲಘು-ಗುರು ಹಾಕಿದವರಿಗೆ ಲಯ ಹಿಡಿಯುವುದು ಹೊಸದಲ್ಲ, ಗುರುವನ್ನು ಇನ್ನಷ್ಟು ಎಳೆಯಬೇಕು ಅಷ್ಟೆ. ಆದರೆ ಹಾಳೆಯಲ್ಲಿ ಚುಕ್ಕೆ-ಗೆರೆ ಬರೆದು ಬಾಯಿಪಾಠ ಮಾಡಬೇಡಿ. ಹಾಗೆ ಕಲಿತವರು ಪ್ರತಿ ಅಕ್ಷರಕ್ಕೂ ತಲೆಯೊಳಗೆ ಪಟ್ಟಿ ಹುಡುಕುತ್ತಾರೆ, ಅಷ್ಟರಲ್ಲಿ ಮುಂದಿನ ಮೂರು ಅಕ್ಷರ ಹೋಗಿರುತ್ತವೆ. ಮೊದಲ ದಿನದಿಂದಲೂ ಕಿವಿಯಿಂದಲೇ, ಒಂದೊಂದು ಅಕ್ಷರವನ್ನು ಒಂದು ಇಡೀ ದನಿಯಾಗಿ ಕಲಿಯಿರಿ. ಅಕ್ಷರಗಳನ್ನು ವೇಗವಾಗಿಯೇ ಕೇಳಿ, ನಡುವಿನ ಬಿಡುವನ್ನು ಮಾತ್ರ ಉದ್ದ ಮಾಡಿಕೊಳ್ಳಿ. ದಿನಕ್ಕೆ ಕಾಲು ಗಂಟೆ, ಆದರೆ ದಿನವೂ. ಭಾನುವಾರ ಎರಡು ಗಂಟೆ ಕೂತು ವಾರವಿಡೀ ಬಿಟ್ಟರೆ ಏನೂ ಉಳಿಯುವುದಿಲ್ಲ.

ನನ್ನ ಲೆಕ್ಕದಲ್ಲಿ, ಕೆಲಸಕ್ಕೆ ಹೋಗುವ, ಸಂಸಾರ ಇರುವ, ಮಾತಾಡುವುದಷ್ಟೇ ಬೇಕಾದವರಿಗೆ ರೆಸ್ಟ್ರಿಕ್ಟೆಡ್ ಸಾಕು. ಡಿಪ್ಲೊಮಾ, ಎಂಜಿನಿಯರಿಂಗ್, ಬಿ.ಎಸ್‌ಸಿ. ಓದುತ್ತಿರುವವರು ನೇರ ಜನರಲ್‌ಗೇ ಕೂರಿ. ಸಿದ್ಧಾಂತ ನಿಮಗೆ ಹೇಗೂ ಕೈಯಲ್ಲಿದೆ, ಮೋರ್ಸ್‌ಗೆ ಬೇಕಾದ ಕಿವಿ ಈ ವಯಸ್ಸಿನಲ್ಲಿ ಚುರುಕಾಗಿರುತ್ತದೆ. ಮೊದಲು ರೆಸ್ಟ್ರಿಕ್ಟೆಡ್, ಮುಂದಿನ ವರ್ಷ ಜನರಲ್ ಎಂದುಕೊಂಡವರಲ್ಲಿ ಆ ಮುಂದಿನ ವರ್ಷ ಬರದೇ ಹೋದವರೇ ಜಾಸ್ತಿ.

ಹ್ಯಾಂಡಿಯೋ, ಮಾಳಿಗೆಯ ಮೇಲಿನ ತಂತಿಯೋ

ನಿಜವಾದ ಆಯ್ಕೆ ಇಲ್ಲಿದೆ. ಬೆಂಗಳೂರಿನ ಹೊಸ ಹ್ಯಾಮ್ 144-146 ಮೆಗಾಹರ್ಟ್ಜ್‌ನ ಒಂದು ಹ್ಯಾಂಡಿ ಹಿಡಿದರೆ ಮಾತಿಗೆ ಜನ ಸಿಗುತ್ತಾರೆ. ಅಲ್ಲಿ ಹ್ಯಾಮ್‌ಗಳು ಹೆಚ್ಚು, ದನಿಯನ್ನು ಎತ್ತರದಿಂದ ಮರುಪ್ರಸಾರ ಮಾಡುವ ರಿಪೀಟರ್ ಇದೆ. ಆ ಸಲಹೆಯನ್ನು ವಿಡಿಯೊದಲ್ಲಿ ನೋಡಿ ಸಿರುಗುಪ್ಪದಲ್ಲಿ ಕೂತು ಅದೇ ಸೆಟ್ ಕೊಂಡರೆ ಕೇಳುವುದು ಬರೀ ಶ್ಶ್ ಶಬ್ದ.

ಕಾರಣ ಸರಳ. 144 ಮೆಗಾಹರ್ಟ್ಜ್ ಸಾಲಿನ ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಭೂಮಿಯ ಉಬ್ಬು ಅಡ್ಡ ಬಂದಲ್ಲಿಗೆ ಮುಗಿಯಿತು. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಹತ್ತು ಮೀಟರ್ ಎತ್ತರದ ಆಂಟೆನಾಕ್ಕೆ 13 ಕಿಲೋಮೀಟರ್, ಎರಡೂ ಕಡೆ ಅಷ್ಟೇ ಎತ್ತರವಿದ್ದರೆ 26. ಕೈಯಲ್ಲಿ ಹಿಡಿದು ನಿಂತ ಇಬ್ಬರ ನಡುವೆ ಲೆಕ್ಕದಲ್ಲಿ ಹತ್ತು ಬಂದರೂ ಊರೊಳಗಿನ ಗೋಡೆಗಳು ಅದರಲ್ಲಿ ಬಹುಪಾಲು ನುಂಗುತ್ತವೆ. ಬಳ್ಳಾರಿಯಿಂದ ಕೊಪ್ಪಳಕ್ಕೆ ನೇರ ಗೆರೆ ಎಳೆದರೆ ಸುಮಾರು 85 ಕಿಲೋಮೀಟರ್, ರಾಯಚೂರಿಗೆ 125ರ ಮೇಲೆ. ಹ್ಯಾಂಡಿಯಿಂದ ಹ್ಯಾಂಡಿಗೆ ಇದು ಆಗದ ಮಾತು.

ಹೌದು, ನಮ್ಮಲ್ಲಿ ಗುಡ್ಡಗಳಿವೆ. ನೆಲದಿಂದ ನೂರು ಮೀಟರ್ ಮೇಲೆ ನಿಂತರೆ ದಿಗಂತ 41 ಕಿಲೋಮೀಟರಿಗೆ ಹೋಗುತ್ತದೆ. ಆನೆಗೊಂದಿ ಬಳಿಯ ಅಂಜನಾದ್ರಿ, ಬಳ್ಳಾರಿಯ ಕೋಟೆ ಗುಡ್ಡ, ಸಂಡೂರಿನ ಬೆಟ್ಟಸಾಲು ಇವನ್ನು ನೋಡಿದಾಗಲೆಲ್ಲ ಹ್ಯಾಮ್‌ನ ತಲೆಯಲ್ಲಿ ಆಂಟೆನಾವೇ ಓಡುತ್ತದೆ. ಭಾನುವಾರದ ಬೆಳಿಗ್ಗೆಗೆ ಚೆಂದವೇ, ದಿನದ ಮಾತುಕತೆಗೆ ಆಗದು. ಲೈಸೆನ್ಸಿನಲ್ಲಿ ನಮೂದಾದ ಜಾಗ ಬಿಟ್ಟು ಬೇರೆಡೆಯಿಂದ ಪ್ರಸಾರ ಮಾಡುವುದಕ್ಕೂ ನಿಯಮವಿದೆ, ಓದಿಕೊಂಡು ಹತ್ತಿ. ಹ್ಯಾಂಡಿ ಕೊಳ್ಳುವ ಮುನ್ನ ನಿಮ್ಮ ಊರಿನಲ್ಲಿ ಲೈಸೆನ್ಸ್ ಇರುವವರನ್ನು ಕೇಳಿ, ನಿಮ್ಮ ಮಾಳಿಗೆಯಿಂದ ಯಾವುದಾದರೂ ರಿಪೀಟರ್ ಸಿಗುತ್ತದೆಯೇ ಎಂದು. ಸಿಗುತ್ತದೆ ಎಂದರೆ ಹ್ಯಾಂಡಿ ಒಳ್ಳೆಯ ಆಯ್ಕೆ, ಅಗ್ಗವೂ ಹೌದು. ಇಲ್ಲ ಎಂದರೆ, ಒಂದೇ ಊರಿನಲ್ಲಿ ಮೂರು-ನಾಲ್ಕು ಗೆಳೆಯರು ಒಟ್ಟಿಗೆ ಲೈಸೆನ್ಸ್ ಮಾಡಿದ್ದರೆ ಮಾತ್ರ ಅದಕ್ಕೆ ಅರ್ಥ.

40 ಮೀಟರ್ ಬ್ಯಾಂಡ್ ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಅದು 7.0ರಿಂದ 7.2 ಮೆಗಾಹರ್ಟ್ಜ್. ಈ ಅಲೆ ಮೇಲಕ್ಕೆ ಹೋಗಿ, ವಾತಾವರಣದ ಮೇಲಿನ ವಿದ್ಯುದಾವೇಶದ ಪದರಗಳಾದ ಅಯಾನುಗೋಳಕ್ಕೆ ತಾಗಿ ಕೆಳಗಿಳಿಯುತ್ತದೆ. ತಂತಿಯನ್ನು ಹತ್ತು ಮೀಟರಿನಷ್ಟೇ ಎತ್ತರದಲ್ಲಿ ಕಟ್ಟಿದಾಗ ಅಲೆಯ ಬಹುಪಾಲು ನೆತ್ತಿಯ ಕಡೆಗೇ ಏರುವುದರಿಂದ ಹಗಲು ಹೊತ್ತು ಸುತ್ತಲಿನ ಕೆಲವು ನೂರು ಕಿಲೋಮೀಟರ್ ಮೇಲೆ ಮಳೆಯಂತೆ ಬೀಳುತ್ತದೆ. ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್ ಎಲ್ಲ ಇದರೊಳಗೇ ಬರುತ್ತವೆ. ಕತ್ತಲಾದ ಮೇಲೆ ಅಯಾನುಗೋಳದ ಕೆಳಗಿನ ಡಿ ಪದರ ಕರಗುತ್ತದೆ, ಆಗ ಅದೇ ತಂತಿಯಲ್ಲಿ ದೂರದ ದೇಶಗಳು ಕೇಳಿಸಲು ಶುರುವಾಗಿ, ಹತ್ತಿರದ ಸ್ಟೇಷನ್‌ಗಳು ಕೆಲವೊಮ್ಮೆ ಮಾಯವಾಗುತ್ತವೆ. ರೆಸ್ಟ್ರಿಕ್ಟೆಡ್‌ನವರಿಗೂ ಈ ಬ್ಯಾಂಡಿನಲ್ಲಿ ಮಾತಾಡುವ ಅವಕಾಶವಿದೆ. ಕನ್ನಡದಲ್ಲಿ ಮಾತಾಡಲೂ ಅಡ್ಡಿಯಿಲ್ಲ, ಎಲ್ಲರಿಗೂ ಅರ್ಥವಾಗುವ ನೇರ ಭಾಷೆಯಾಗಿರಬೇಕು ಅಷ್ಟೆ. ಈ ಮೂರು ಜಿಲ್ಲೆಯವರಿಗೆ ಮೊದಲ ಬ್ಯಾಂಡ್ ಯಾವುದು ಎಂದರೆ ನನ್ನ ಉತ್ತರ ಇದೊಂದೇ.

ಆಂಟೆನಾ ಲೆಕ್ಕ ಪರೀಕ್ಷೆಗೂ ಬರುತ್ತದೆ, ಮಾಳಿಗೆಗೂ ಬೇಕು. 142.5 ಅನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಅರ್ಧ ಅಲೆಯ ಡೈಪೋಲ್ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್, ನಡುವೆ ಕತ್ತರಿಸಿ ಎರಡು ಕಡೆ ಹತ್ತತ್ತು ಮೀಟರ್. ಮನೆ ವೈರಿಂಗಿನ ತಾಮ್ರದ ತಂತಿ ಸಾಕು. ಕತ್ತರಿಸುವಾಗ ಎರಡೂ ಕಡೆ ಅರ್ಧ ಮೀಟರ್ ಹೆಚ್ಚೇ ಬಿಡಿ, ಕಡಿಮೆ ಮಾಡುವುದು ಸುಲಭ. ನಡುವನ್ನು ಮಾಳಿಗೆಯ ಮೇಲೆ ಬಿದಿರಿಗೆ ಎತ್ತಿ ಕಟ್ಟಿ, ತುದಿಗಳನ್ನು ಎದುರಿನ ಬೇವಿನ ಮರಕ್ಕೋ ಪ್ಯಾರಾಪೆಟ್ಟಿಗೋ ಇಳಿಬಿಟ್ಟರೆ ಅದೇ ಇನ್ವರ್ಟೆಡ್ ವಿ. ಕರೆಂಟ್ ಕಂಬದಿಂದ, ಸರ್ವಿಸ್ ವೈರಿನಿಂದ ದೂರ ಇರಲಿ, ಬಿದಿರು ಮುರಿದು ಬಿದ್ದರೂ ತಾಗದಷ್ಟು ದೂರ. ಜಾಗ ಇಲ್ಲವೆಂದು ಕೆಲವರು ನೇರ ನಿಲ್ಲಿಸುವ ವರ್ಟಿಕಲ್ ಕಡೆ ನೋಡುತ್ತಾರೆ. ಅದು ಅಲೆಯನ್ನು ಕೆಳಕೋನದಲ್ಲಿ ಬಿಡುವುದರಿಂದ ದೂರದೇಶಕ್ಕೆ ಒಳ್ಳೆಯದು, ಹುಬ್ಬಳ್ಳಿಗೆ ಕೆಟ್ಟದ್ದು. ಅದಕ್ಕೆ ಬುಡದಲ್ಲಿ ಸುತ್ತಲೂ ಹರಡಿದ ಹಲವು ತಂತಿಗಳ ರೇಡಿಯಲ್ ಬೇಕು. ಬಳ್ಳಾರಿಯ ಬಂಡೆ ನೆಲದಲ್ಲಿ ಅರ್ಥಿಂಗ್ ರಾಡ್ ಹೊಡೆಯಲು ಹೋದವರಿಗೆ ಅದರ ಸುಖ ಗೊತ್ತು. ಡೈಪೋಲ್‌ಗೆ ಆ ಹಂಗಿಲ್ಲ.

ಕೇಬಲ್ ವಿಷಯದಲ್ಲೂ ಎಚ್‌ಎಫ್ ಅಗ್ಗ. ತೆಳುವಾದ ಆರ್‌ಜಿ-58 ಕೇಬಲ್ ಇಪ್ಪತ್ತು ಮೀಟರ್ ಎಳೆದರೆ 7 ಮೆಗಾಹರ್ಟ್ಜ್‌ನಲ್ಲಿ ನಷ್ಟ ಗೊತ್ತೇ ಆಗುವುದಿಲ್ಲ, 145ರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎಂಬ ಅಳತೆ, 1 ಇದ್ದರೆ ಪೂರ್ತಿ ಹೊಂದಿಕೆ) ಬಗ್ಗೆ ಅನಗತ್ಯ ಭಯ ಬೇಡ. 1.5 ಇದ್ದರೆ ಹಿಂದಿರುಗುವ ಶಕ್ತಿ ಶೇಕಡಾ 4, 2 ಇದ್ದರೆ ಶೇಕಡಾ 11. ಮೂರರ ಮೇಲೆ ಹೋದರೆ ತಂತಿಯ ಉದ್ದ ಸರಿಮಾಡಿ.

ಎಚ್‌ಎಫ್‌ಗೆ ಇಲ್ಲಿರುವ ನಿಜವಾದ ಶತ್ರು ಗದ್ದಲ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಸುತ್ತ, ಬಳ್ಳಾರಿಯ ಜೀನ್ಸ್ ಘಟಕಗಳಿರುವ ಓಣಿಗಳಲ್ಲಿ ಮೋಟಾರು-ಡ್ರೈವ್‌ಗಳ ಕಿರಿಕಿರಿ ಇರಬಹುದು. ಮನೆಯೊಳಗಿನ ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್ ಅದಕ್ಕಿಂತ ಕೆಟ್ಟವು. ಒಂದು ರೂಪಾಯಿ ಖರ್ಚು ಮಾಡುವ ಮುನ್ನ ಬ್ಯಾಟರಿಯ ಶಾರ್ಟ್‌ವೇವ್ ರೇಡಿಯೊ ಹಿಡಿದು ಸಂಜೆ ಮಾಳಿಗೆ ಹತ್ತಿ, 7 ಮೆಗಾಹರ್ಟ್ಜ್ ಹತ್ತಿರ ಇಡಿ, ಕೆಳಗೆ ಯಾರಿಗಾದರೂ ಮೇನ್ ಸ್ವಿಚ್ ಆಫ್ ಮಾಡಲು ಹೇಳಿ. ಗದ್ದಲ ಅಡಗಿದರೆ ಅದು ನಿಮ್ಮ ಮನೆಯದೇ, ಒಂದೊಂದಾಗಿ ಹುಡುಕಿ ತೆಗೆಯಬಹುದು. ಅಡಗದಿದ್ದರೆ ಓಣಿಯದು. ಅಂಥ ಜಾಗದಲ್ಲಿ ಹೊಲದ ಮನೆಯಲ್ಲಿ ಸ್ಟೇಷನ್ ಹೂಡುವ ಯೋಚನೆ ಮಾಡಿ. ಅರ್ಜಿಯಲ್ಲಿ ಕೊಡುವ ವಿಳಾಸವೂ ಅದಕ್ಕೆ ತಕ್ಕಂತೆ ಇರಲಿ.

ಈಗ ಸೆಟ್ಟು

ತೀರ ಕಡಿಮೆ ದುಡ್ಡಿನಲ್ಲಿ ಎಚ್‌ಎಫ್ ಬೇಕೆಂದರೆ ಹೈದರಾಬಾದಿನ ಅಷ್ಹರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್ ಕುಟುಂಬದ ಸೆಟ್‌ಗಳನ್ನು ನೋಡಿ. ಜಗತ್ತಿನ ಮೂಲೆಮೂಲೆಯ ಹ್ಯಾಮ್‌ಗಳು ಇವನ್ನು ಜೋಡಿಸಿಕೊಂಡಿದ್ದಾರೆ, ಸರ್ಕ್ಯೂಟ್ ಎಲ್ಲರಿಗೂ ತೆರೆದಿದೆ. ಹತ್ತು ವ್ಯಾಟ್ ಆಸುಪಾಸಿನ ಶಕ್ತಿ, ಮಾತಾಡಲು ಸಾಕು, ಕಾದು ಕೂರುವ ತಾಳ್ಮೆ ಬೇಕು. ಪರೀಕ್ಷೆಗೆ ಓದಿದ ಸೂಪರ್‌ಹೆಟ್ (ಬಂದ ಅಲೆಯನ್ನು ಒಳಗೆ ಬೇರೆ ತರಂಗಾಂತರಕ್ಕೆ ಬದಲಿಸುವ ಗ್ರಾಹಕ), ಆಸಿಲೇಟರ್, ಮಿಕ್ಸರ್, ಫಿಲ್ಟರ್ ಎಲ್ಲ ಅದರ ಬೋರ್ಡಿನ ಮೇಲೆ ಕಣ್ಣೆದುರು ಕಾಣುತ್ತವೆ. ಬೆಸುಗೆ ಕಡ್ಡಿ ಹಿಡಿಯಲು ಹೆದರದವರಿಗೆ ಇದು ಮೊದಲ ಆಯ್ಕೆ. ಹಿಡಿಯದವರಿಗೆ ಬೇರೆ ಹ್ಯಾಮ್‌ಗಳಿಂದ ಹಳೆಯ ಸೆಟ್ ಕೊಳ್ಳುವುದು ಮಧ್ಯದ ದಾರಿ. ಕೊಡುವವರ ಮುಂದೆಯೇ ಆಂಟೆನಾ ಬದಲು ಶಕ್ತಿ ನುಂಗುವ ಡಮ್ಮಿ ಲೋಡ್ ಹಾಕಿ ಪ್ರಸಾರ ಮಾಡಿಸಿ ನೋಡಿ, ಕಾಗದಪತ್ರ ಕೇಳಿ. ಹೊಸ ಜಪಾನಿ ಸೆಟ್ ಬೇಕೆಂದರೆ ಬೆಲೆ ಲಕ್ಷದ ಲೆಕ್ಕದಲ್ಲಿರುತ್ತದೆ, 100 ವ್ಯಾಟ್ ಇದ್ದರೂ ರೆಸ್ಟ್ರಿಕ್ಟೆಡ್‌ನವರು ಮಿತಿಗೆ ಇಳಿಸಿಯೇ ಬಳಸಬೇಕು.

ಕರೆಂಟ್ ಲೆಕ್ಕ ಮರೆಯಬೇಡಿ. 100 ವ್ಯಾಟಿನ ಸೆಟ್ 13.8 ವೋಲ್ಟ್‌ನಲ್ಲಿ 20 ಆಂಪಿಯರ್ ಹತ್ತಿರ ಎಳೆಯುತ್ತದೆ, ಅಂದರೆ 276 ವ್ಯಾಟ್ ಒಳಗೆ ಹೋಗಿ 100 ಹೊರಗೆ, ಉಳಿದದ್ದು ಬಿಸಿ. ರಾಯಚೂರಿನ ಏಪ್ರಿಲ್‌ನಲ್ಲಿ ಆ ಬಿಸಿಯೂ ಒಂದು ವಿಚಾರವೇ. ಹತ್ತು ವ್ಯಾಟಿನ ಸೆಟ್ಟನ್ನಾದರೆ ಮನೆಯ ಇನ್ವರ್ಟರ್ ಬ್ಯಾಟರಿಯಿಂದ ಫ್ಯೂಸ್ ಹಾಕಿ ರಾತ್ರಿಯಿಡೀ ನಡೆಸಬಹುದು. 28 ಮೆಗಾಹರ್ಟ್ಜ್ ಒಂದನ್ನೇ ಹಿಡಿಯುವ ಅಗ್ಗದ ಸೆಟ್‌ಗಳ ಆಸೆ ಬೇಡ. ಆ ಬ್ಯಾಂಡ್ ಚುರುಕಾಗುವುದು ಸೂರ್ಯನ ಕಲೆಗಳು ಹೆಚ್ಚಿದಾಗ, ಆ ಕಲೆಗಳ ಈಗಿನ ಚಕ್ರ 2024ರ ಹೊತ್ತಿಗೆ ತುದಿ ಮುಟ್ಟಿತು, ಮುಂದಿನ ವರ್ಷಗಳಲ್ಲಿ ಆ ಬ್ಯಾಂಡ್ ಮೌನವಾಗುತ್ತ ಹೋಗುತ್ತದೆ.

ಓದು ಮತ್ತು ಪರೀಕ್ಷೆಯ ಊರು

ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುವುದಿಲ್ಲ. ಕನ್ನಡ ಮಾಧ್ಯಮದವರು ವಿಷಯವನ್ನು ಕನ್ನಡದಲ್ಲೇ ತಿಳಿದುಕೊಳ್ಳಿ, ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಗುರುತಿಟ್ಟುಕೊಳ್ಳಿ. ಹೈಸ್ಕೂಲಿನ ಓಮ್ ನಿಯಮ, ರೆಸಿಸ್ಟರ್ ಸರಣಿ-ಸಮಾಂತರ, ಪಿಯುಸಿಯ ಕೆಪಾಸಿಟರ್, ಕಾಯಿಲ್, ಅನುರಣನ, ಡಯೋಡ್, ಟ್ರಾನ್ಸಿಸ್ಟರ್ ಇವು ತಳಪಾಯ. ಅದರ ಮೇಲೆ ಎಎಂ, ಎಫ್‌ಎಂ, ಎಸ್‌ಎಸ್‌ಬಿ ವ್ಯತ್ಯಾಸ, ಸೂಪರ್‌ಹೆಟ್ ಗ್ರಾಹಕ, ಆಂಟೆನಾ, ಅಲೆಗಳ ಪ್ರಸರಣ. ಸೂಪರ್‌ಹೆಟ್‌ನಲ್ಲಿ ಇಮೇಜ್ ಫ್ರೀಕ್ವೆನ್ಸಿ (ಬೇಕಾದದ್ದರ ಜೊತೆ ನುಸುಳುವ ಬೇಡದ ತರಂಗಾಂತರ) ಕೇಳಿದರೆ ತಬ್ಬಿಬ್ಬಾಗಬೇಡಿ: 7100 ಕಿಲೋಹರ್ಟ್ಜ್ ಕೇಳುತ್ತಿದ್ದೀರಿ, ಐಎಫ್ (ಗ್ರಾಹಕದೊಳಗೆ ಬದಲಿಸಿದ ತರಂಗಾಂತರ) 455, ಲೋಕಲ್ ಆಸಿಲೇಟರ್ ಮೇಲಿದ್ದರೆ ಇಮೇಜ್ 7100ಕ್ಕೆ ಐಎಫ್‌ನ ಎರಡು ಪಟ್ಟು, ಅಂದರೆ 910 ಕೂಡಿಸಿ 8010.

ಒಬ್ಬರೇ ಓದುವುದು ಖರ್ಚಿಲ್ಲದ ದಾರಿ, ಸಿದ್ಧಾಂತಕ್ಕೆ ಸಾಕಾಗುತ್ತದೆ. ಮೋರ್ಸ್ ಮತ್ತು ಮೈಕಿನ ಮುಂದಿನ ನಡವಳಿಕೆ ಮಾತ್ರ ಇನ್ನೊಬ್ಬರ ಜೊತೆ ಕೂತೇ ಬರುವಂಥದ್ದು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯೂ ಇದೆ. ಬಳ್ಳಾರಿ, ಕೊಪ್ಪಳದವರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆಗೆ ಬೆಂಗಳೂರು. ಪರೀಕ್ಷೆ ನಡೆಸುವುದು ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಕೇಂದ್ರಗಳು. ನಾಲ್ಕು ಜನ ಒಟ್ಟಿಗೆ ಓದಿ ಒಂದೇ ದಿನಕ್ಕೆ ಅರ್ಜಿ ಹಾಕಿದರೆ ಪ್ರಯಾಣವೂ ಹಗುರ, ಪಾಸಾದ ಮೇಲೆ ಮಾತಿಗೆ ಜನವೂ ಸಿದ್ಧ. ಲೈಸೆನ್ಸ್ ಶುಲ್ಕ ಇಪ್ಪತ್ತು ವರ್ಷಕ್ಕೆ 1000 ರೂಪಾಯಿ, ಜೀವಾವಧಿಗೆ 2000. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ನಿಯಮಗಳು ಹೊಸದಾಗುತ್ತಿರುವುದರಿಂದ ಕಟ್ಟುವ ದಿನ ಪೋರ್ಟಲ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ವಯಸ್ಸು ಮೂವತ್ತರೊಳಗಿದ್ದರೆ ಜೀವಾವಧಿಯದೇ ಲಾಭ, ನವೀಕರಣದ ತಲೆನೋವೂ ಇಲ್ಲ.

ಕೊನೆಗೆ ಒಂದು ಬೇರೆ ಗುಂಪಿನವರಿದ್ದಾರೆ: ಹವ್ಯಾಸಕ್ಕಿಂತ ಹೆಚ್ಚಾಗಿ ಆಪತ್ತಿಗೆ ಆಗಲಿ ಎಂದು ಬರುವವರು. 2009ರ ನೆರೆ ಕಂಡ ರಾಯಚೂರಿನವರು, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ಮೇಲೆ ನಿದ್ದೆಗೆಟ್ಟ ನದಿ ದಂಡೆಯವರು ಇದನ್ನು ಕೇಳುತ್ತಾರೆ. ಇವರಿಗೆ ಎರಡೂ ಬೇಕು. ದಂಡೆಯ ಊರಿನೊಳಗೆ ಹ್ಯಾಂಡಿ, ಜಿಲ್ಲೆ ದಾಟಿ ಸುದ್ದಿ ಮುಟ್ಟಿಸಲು ಬ್ಯಾಟರಿಯಲ್ಲಿ ನಡೆಯುವ 40 ಮೀಟರ್ ಸೆಟ್ಟು. 2004ರ ಸುನಾಮಿಯಲ್ಲಿ ಪೋರ್ಟ್‌ಬ್ಲೇರ್‌ನಲ್ಲಿದ್ದ ಹ್ಯಾಮ್‌ಗಳು ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದ್ದು ಎಚ್‌ಎಫ್‌ನಲ್ಲೇ. ದರ್ಜೆ ರೆಸ್ಟ್ರಿಕ್ಟೆಡ್ ಸಾಕು. ಸಾಮಾನ್ಯ ದಿನಗಳಲ್ಲಿ ಬೇರೆಯವರ ಸಂದೇಶ ಸಾಗಿಸಲು ನಿಯಮ ಬಿಡುವುದಿಲ್ಲ. ಹಾಗಾಗಿ ನಾಲ್ಕೈದು ಜನ ಲೈಸೆನ್ಸ್ ಪಡೆದ ಮೇಲೆ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗಕ್ಕೆ ಹೋಗಿ ಕಾಲ್‌ಸೈನ್‌ಗಳ ಪಟ್ಟಿ ಕೊಟ್ಟು ಪರಿಚಯ ಮಾಡಿಕೊಳ್ಳಿ. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ, ಮೇನ್ಸ್ ತೆಗೆದು ಬರೀ ಬ್ಯಾಟರಿಯಲ್ಲಿ, ಒಬ್ಬರನ್ನೊಬ್ಬರು ಕರೆದು ಲಾಗ್ ಬರೆಯಿರಿ. ಮೇ ತಿಂಗಳಲ್ಲಿ ಗುಡುಗು ಕೇಳಿದರೆ ಆ ವಾರದ ಕರೆ ರದ್ದು ಮಾಡಿ, ಕೇಬಲ್ ಕಳಚಿ ಮನೆಯಿಂದ ಹೊರಗೆ ಬಿಡಿ.